ದೂರದ ಚಿಮ್ನಿ ಕಣ್ಣಿಗೆ ನುಣ್ಣಗೆ: ಮಾಲಿನ್ಯ ನಿಯಂತ್ರಣ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧಿಕಾರಿಗಳೇ,

ನಮಸ್ಕಾರ. ನೀವು ಯಾವ ಕಚೇರಿಯಲ್ಲಿ ಕೂತಿದ್ದೀರಿ, ಬಾಗಿಲ ಮೇಲಿನ ಬೋರ್ಡಿನಲ್ಲಿ ಏನು ಬರೆದಿದೆ ಅನ್ನುವುದು ನನಗೆ ಮುಖ್ಯವಲ್ಲ. ಕಾರ್ಖಾನೆಯ ಹೊಗೆ, ನೀರು ಅಳೆಯುವುದು, ತಪ್ಪಿದ್ದರೆ ನೋಟಿಸ್ ಕೊಡುವುದು ನಿಮ್ಮ ಕೆಲಸವಾಗಿದ್ದರೆ ಈ ಪತ್ರ ನಿಮಗೇ. ಬಹಿರಂಗವಾಗಿ ಯಾಕೆ ಬರೆಯುತ್ತಿದ್ದೇನೆ ಅಂದರೆ, ನೇರವಾಗಿ ನಿಮಗೆ ಕಳಿಸಿದ್ದರೆ ಇದಕ್ಕೊಂದು ನಂಬರ್ ಬಿದ್ದು ಫೈಲಿನೊಳಗೆ ಮಲಗಿಬಿಡುತ್ತಿತ್ತು. ಕಾರ್ಖಾನೆ ಗೋಡೆಯ ಪಕ್ಕದಲ್ಲಿ ಬದುಕುವವರೂ ಓದಲಿ ಅನ್ನುವುದು ಇನ್ನೊಂದು ಆಸೆ.

ನನ್ನ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಒಂದು ಕಾರ್ಖಾನೆಯ ಇಟಿಪಿಯಲ್ಲಿ ಆಪರೇಟರ್ ಆಗಿದ್ದವನು. ಇಟಿಪಿ ಅಂದರೆ ಕೊಳೆ ನೀರನ್ನು ಶುದ್ಧ ಮಾಡಿ ಹೊರಗೆ ಬಿಡುವ ಘಟಕ. ಯಾವ ಕಾರ್ಖಾನೆ ಅಂತ ಕೇಳಬೇಡಿ, ಹೇಳುವುದಿಲ್ಲ. ಅದು ನಿಮ್ಮ ಕಚೇರಿಯಿಂದ ಬಲು ದೂರದಲ್ಲಿತ್ತು, ಅಷ್ಟು ಸಾಕು. ದೂರ ಅನ್ನುವುದೇ ಈ ಪತ್ರದ ವಿಷಯ.

ಒಂದು ರಾತ್ರಿ ಪಾಳಿ ಹೇಗಿರುತ್ತಿತ್ತು ಅಂತ ಹೇಳುತ್ತೇನೆ. ಏರೇಷನ್ ಟ್ಯಾಂಕ್ ಅಂತ ಒಂದು ದೊಡ್ಡ ತೊಟ್ಟಿ ಇರುತ್ತದೆ, ನಿಮಗೆ ಗೊತ್ತೇ ಇದೆ. ಅದರಲ್ಲಿ ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಇರುತ್ತವೆ. ಅವು ಬದುಕಬೇಕಾದರೆ ಕೆಳಗಿನಿಂದ ಗಾಳಿ ಊದುತ್ತಲೇ ಇರಬೇಕು. ಇಂಥ ಘಟಕಗಳಲ್ಲಿ ಸಾಮಾನ್ಯವಾಗಿ ಅರ್ಧಕ್ಕೂ ಜಾಸ್ತಿ ಕರೆಂಟು ಈ ಊದುವ ಕೆಲಸಕ್ಕೇ ಹೋಗುತ್ತದೆ. ಹಾಗಾಗಿ ಕರೆಂಟ್ ಬಿಲ್ ಉಳಿಸಬೇಕು ಅಂದಾಗ ಎಲ್ಲರ ಕಣ್ಣು ಮೊದಲು ಬೀಳುವುದು ಬ್ಲೋವರ್ ಮೇಲೆ. ರಾತ್ರಿ 10 ಗಂಟೆಗೆ ಆಫ್. ಬೆಳಿಗ್ಗೆ 5ಕ್ಕೆ ಆನ್. ಆಫ್ ಮಾಡಿದ ಮೇಲೆ ಗುಳ್ಳೆಗಳು ನಿಲ್ಲುತ್ತವೆ, ನೀರು ಸುಮ್ಮನಾಗುತ್ತದೆ, ಕೆಸರು ಕೆಳಗೆ ಕೂರುತ್ತದೆ. ನಾಲ್ಕೈದು ಗಂಟೆ ಕಳೆದರೆ ಕೊಳೆತ ಮೊಟ್ಟೆಯ ವಾಸನೆ ಶುರು. ಬೆಳಿಗ್ಗೆ ಮತ್ತೆ ಗಾಳಿ ಬಿಟ್ಟಾಗ ತಳದಿಂದ ಕಪ್ಪು ಮೋಡದ ಹಾಗೆ ಎದ್ದು ಬರುತ್ತದೆ. ಆರೋಗ್ಯವಾಗಿರುವ ಟ್ಯಾಂಕ್ ಚಾಕೊಲೇಟ್ ಬಣ್ಣದಲ್ಲಿರುತ್ತದೆ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ನಮ್ಮದು ಕಪ್ಪಗಿತ್ತು. ಲಾಗ್ ಬುಕ್‌ನಲ್ಲಿ ಮಾತ್ರ ಬ್ಲೋವರ್ 24 ಗಂಟೆಯೂ ಓಡುತ್ತಿತ್ತು, ಆ ಬರಹ ನನ್ನದೇ.

ಇನ್ನು ನೀವು ಬರುವ ದಿನ. ನಿಮ್ಮ ಕಚೇರಿಯಿಂದ ನಮ್ಮ ಗೇಟಿಗೆ ಬರಬೇಕಾದರೆ ಅರ್ಧ ದಿನದ ಪ್ರಯಾಣ. ಗಾಡಿಗೆ ಮೊದಲೇ ಅರ್ಜಿ ಹಾಕಬೇಕು. ಡ್ರೈವರ್‌ಗೆ ಹೇಳಬೇಕು. ಚಿಮ್ನಿಯ ಹೊಗೆ ಅಳೆಯುವುದಾದರೆ ಮೇಲೆ ಯಂತ್ರಕ್ಕೆ ಕರೆಂಟ್ ಪಾಯಿಂಟ್ ಬೇಕು, ಏಣಿ ಗಟ್ಟಿಯಾಗಿರಬೇಕು, ಅದಕ್ಕೆ ಕಾರ್ಖಾನೆಗೇ ಫೋನ್ ಮಾಡಿ ವ್ಯವಸ್ಥೆ ಮಾಡಿಡಿ ಅನ್ನಬೇಕು. ಇಷ್ಟೆಲ್ಲ ಆದ ಮೇಲೆ ಅದು ದಿಢೀರ್ ತಪಾಸಣೆ ಹೇಗಾಗುತ್ತದೆ ನೀವೇ ಹೇಳಿ. ನಿಮ್ಮ ಜೀಪು ಹೆದ್ದಾರಿ ಬಿಟ್ಟು ಒಳದಾರಿಗೆ ತಿರುಗುವ ಹೊತ್ತಿಗೆ ಸೂಪರ್‌ವೈಸರ್ ನನ್ನ ಪಕ್ಕ ಬಂದು ನಿಂತಿರುತ್ತಿದ್ದರು. "ನೀರು ಬಿಡಪ್ಪ" ಅನ್ನುತ್ತಿದ್ದರು. ಕೊನೆಯ ತೊಟ್ಟಿಗೆ ಬೋರ್‌ವೆಲ್ಲಿನ ಒಂದು ಪೈಪ್ ಇತ್ತು. ನಕ್ಷೆಯಲ್ಲಿ ಇರಲಿಲ್ಲ, ಜಾಗದಲ್ಲಿ ಇತ್ತು. ಆ ವಾಲ್ವ್ ತಿರುಗಿಸಿದರೆ ಒಳ್ಳೆಯ ನೀರು ಕೊಳೆ ನೀರಿಗೆ ಬೆರೆಯುತ್ತಿತ್ತು. ನೀವು ಬಾಟಲಿಯಲ್ಲಿ ತುಂಬಿಕೊಂಡು ಹೋದದ್ದು ಅದನ್ನೇ. ವಾಲ್ವ್ ತಿರುಗಿಸಿದ ಕೈ ನನ್ನದು. ಕೆಲಸ ಬೇಕಿತ್ತು ಅನ್ನುವುದು ನೆಪ ಅಲ್ಲ, ನಿಜ, ಆದರೂ ತಿರುಗಿಸಿದವನು ನಾನೇ.

ಅದೇ ಯಜಮಾನರಿಗೆ ಇನ್ನೊಂದು ಘಟಕ ಇತ್ತು. ನಿಮ್ಮ ಕಚೇರಿಗೆ ಹತ್ತೇ ನಿಮಿಷದ ದಾರಿ. ಅಲ್ಲಿಗೂ ನಾನು ಕೆಲವು ತಿಂಗಳು ಹೋಗಿದ್ದೆ. ಬ್ಲೋವರ್ ರಾತ್ರಿಯೂ ಓಡುತ್ತಿತ್ತು! ಅದೇ ಯಜಮಾನರು, ಅದೇ ಜಿಪುಣತನ. ಬೇರೆ ಇದ್ದದ್ದು ಒಂದೇ. ಅಲ್ಲಿ ನಿಮ್ಮವರು ಯಾರೋ ಒಬ್ಬರು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಸುಮ್ನೆ ಒಳಗೆ ಬಂದುಬಿಡಬಹುದಿತ್ತು. ಬಂದರು ಅಂತಲ್ಲ, ನಾನಿದ್ದಾಗ ಒಂದೇ ಸಲ ಬಂದದ್ದು. ಬರಬಹುದು ಅನ್ನುವ ಅಂಜಿಕೆಗೇ ಬ್ಲೋವರ್ ತಿರುಗುತ್ತಿತ್ತು.

ಇದು ನನ್ನೊಬ್ಬನ ಅನುಭವ ಅಂತ ತಳ್ಳಿಹಾಕಬೇಡಿ. ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕರ ಬಗ್ಗೆ 2011ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ನಿಯಂತ್ರಕರ ಕಚೇರಿಗೆ ಹತ್ತಿರ ಇರುವ ಕಂಪನಿಗಳು ಲೆಕ್ಕಪತ್ರದಲ್ಲಿ ಕೈಚಳಕ ತೋರಿಸುವುದು ಕಡಿಮೆ ಅಂತ ಅದರಲ್ಲಿ ಕಂಡಿತು. ಲೆಕ್ಕಪತ್ರಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ದೂರದಿಂದಲೂ ಓದಬಹುದು. ಅಲ್ಲೇ ದೂರ ಇಷ್ಟು ಆಟ ಆಡಿಸುತ್ತದೆ ಅಂದರೆ ಹೊಗೆ, ನೀರಿನ ಕಥೆ ಏನು?

ಹೊಗೆಯ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಸಂಶೋಧನೆ ಕಿಲೋಮೀಟರ್ ದೂರದ್ದಲ್ಲ, ದಿನಗಳ ದೂರದ್ದು. ಅಮೆರಿಕದಲ್ಲಿ ಗಾಳಿಯ ದೂಳು ಅಳೆಯುವ ಎಷ್ಟೋ ಯಂತ್ರಗಳು ದಿನಾ ಓಡುವುದಿಲ್ಲ. ಆರು ದಿನಕ್ಕೊಮ್ಮೆ ಓಡುತ್ತವೆ. ಯಾವ ದಿನ ಅನ್ನುವ ಕ್ಯಾಲೆಂಡರನ್ನು ಸರ್ಕಾರವೇ ಮೊದಲೇ ಪ್ರಕಟಿಸುತ್ತದೆ. ಸಂಶೋಧಕರೊಬ್ಬರು ಉಪಗ್ರಹದ ಮಾಹಿತಿ ಹಿಡಿದು ಅಳತೆಯ ದಿನಕ್ಕೂ ಉಳಿದ ಐದು ದಿನಕ್ಕೂ ಹೋಲಿಸಿ ನೋಡಿದರು. ಅಳೆಯದ ದಿನಗಳಲ್ಲಿ ಮಾಲಿನ್ಯ ಸರಾಸರಿ ಶೇ. 1.6ರಷ್ಟು ಜಾಸ್ತಿ. 2021ರಲ್ಲಿ ಅದು ಪ್ರಕಟವಾಯಿತು. ಶೇ. 1.6 ಅಂದರೆ ಏನು ಮಹಾ ಅಂತ ನಗಬೇಡಿ. ಗಾಳಿಗೆ ಕ್ಯಾಲೆಂಡರ್ ಗೊತ್ತಿಲ್ಲ. ಆರು ದಿನದ ಲೆಕ್ಕ ಅದಕ್ಕೆ ಯಾರೋ ಹೇಳಿಕೊಟ್ಟಿರಬೇಕು ಅಲ್ವಾ?

ದೂರ ಯಾಕೆ ಇಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ ನಿಮ್ಮ ಪ್ರಯೋಗಾಲಯದವರನ್ನೇ ಕೇಳಿ. ಕೊಳೆ ನೀರಿನ ಸ್ಯಾಂಪಲ್ ಕಲ್ಲಿನ ಹಾಗಲ್ಲ, ಹಾಲಿನ ಹಾಗೆ. ಬಿಒಡಿ ಅಂದರೆ ನೀರಿನ ಕೊಳೆ ತಿನ್ನಲು ಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆ. ಆ ಪರೀಕ್ಷೆಗೆ ಒಯ್ಯುವ ನೀರನ್ನು ಮಂಜುಗಡ್ಡೆಯಲ್ಲಿಟ್ಟು ಒಂದೆರಡು ದಿನದೊಳಗೆ ಪರೀಕ್ಷೆ ಶುರು ಮಾಡಬೇಕು. ಆಮೇಲೆ 20 ಡಿಗ್ರಿಯಲ್ಲಿ 5 ದಿನ, ಕೆಲವು ಕಡೆ 27 ಡಿಗ್ರಿಯಲ್ಲಿ 3 ದಿನ ಕಾಯಬೇಕು. ತಡವಾದಷ್ಟೂ ಬಾಟಲಿಯೊಳಗಿನ ಜೀವಿಗಳು ಕೊಳೆಯನ್ನು ತಾವೇ ತಿಂದು ಮುಗಿಸುತ್ತವೆ, ಕೊಳೆ ನೀರು ಕಾಗದದ ಮೇಲೆ ಚೊಕ್ಕಟವಾಗುತ್ತದೆ. ಪಿಎಚ್, ಅಂದರೆ ನೀರು ಆಮ್ಲವೋ ಕ್ಷಾರವೋ ಅನ್ನುವುದು, ಅಂತೂ ಅಲ್ಲೇ ನಿಂತು ನೋಡಬೇಕಾದದ್ದು. ನೀರಿನಲ್ಲಿ ಕರಗಿದ ಆಮ್ಲಜನಕವನ್ನೂ ಅಲ್ಲೇ ಅಳೆಯಬೇಕು, ಇಲ್ಲವೇ ರಾಸಾಯನಿಕ ಹಾಕಿ ಅಲ್ಲೇ ಹಿಡಿದಿಡಬೇಕು. ವಾಸನೆ? ರಾತ್ರಿ 2 ಗಂಟೆಗೆ ಜನ ಮೂಗು ಮುಚ್ಚಿಕೊಂಡು ಫೋನ್ ಮಾಡಿದರೆ ನೀವು ಬರುವುದು ಮರುದಿನ ಮಧ್ಯಾಹ್ನ. ಅಷ್ಟರಲ್ಲಿ ಗಾಳಿ ಅದನ್ನು ಇನ್ನೊಂದು ಊರಿಗೆ ಹೊತ್ತುಕೊಂಡು ಹೋಗಿರುತ್ತದೆ. ನೀವು "ಸ್ಥಳದಲ್ಲಿ ವಾಸನೆ ಕಂಡುಬಂದಿಲ್ಲ" ಅಂತ ಬರೆಯುತ್ತೀರಿ. ಸುಳ್ಳೇನಲ್ಲ ಅದು. ದೂರದ ಬೆಟ್ಟ ನುಣ್ಣಗೆ ಕಾಣುವುದು ಬೆಟ್ಟದ ತಪ್ಪಲ್ಲವಲ್ಲ.

ಯಜಮಾನರುಗಳಿಗೆ ಇದೆಲ್ಲ ನಿಮಗಿಂತ ಚೆನ್ನಾಗಿ ಗೊತ್ತು. ಎಲ್ಲಿ ಕಾರ್ಖಾನೆ ಕಟ್ಟಬೇಕು ಅಂತ ನೋಡುವಾಗ ರೈಲು, ರಸ್ತೆ, ನೀರು ನೋಡಿದ ಹಾಗೆ ನಿಮ್ಮ ಕೈ ಎಲ್ಲಿಯವರೆಗೆ ಚಾಚುತ್ತದೆ ಅಂತಲೂ ನೋಡುತ್ತಾರೆ. ಅಮೆರಿಕದ ರಾಜ್ಯಗಳಲ್ಲಿ ಗಾಳಿ ಕೆಡಿಸುವ ಕಾರ್ಖಾನೆಗಳು ಗಾಳಿ ಹೊರಗೆ ಬೀಸುವ ಗಡಿಯ ಹತ್ತಿರ ಜಾಸ್ತಿ ಸೇರಿಕೊಂಡಿರುವುದನ್ನು ಸಂಶೋಧಕರು ತೋರಿಸಿದ್ದಾರೆ. ಹೊಗೆ ಹುಟ್ಟುವುದು ಇಲ್ಲಿ, ಕೆಮ್ಮುವವರು ಪಕ್ಕದ ರಾಜ್ಯದಲ್ಲಿ. ಚೀನಾದಲ್ಲಿ 2001ರ ನಂತರ ಪ್ರತಿ ಪ್ರಾಂತ್ಯಕ್ಕೂ ಮಾಲಿನ್ಯ ಇಳಿಸುವ ಗುರಿ ಕೊಟ್ಟರು. ಆಮೇಲೆ ನೋಡಿದರೆ ಪ್ರಾಂತ್ಯದ ಕಟ್ಟಕಡೆಯ, ನದಿ ಗಡಿ ದಾಟುವ ಜಾಗದ ಕೌಂಟಿಯಲ್ಲಿ (ನಮ್ಮ ತಾಲ್ಲೂಕಿನಂಥ ಭಾಗ) ನೀರು ಕೆಡಿಸುವ ಉತ್ಪಾದನೆ ಅಂಥದ್ದೇ ಬೇರೆ ಕೌಂಟಿಗಳಿಗಿಂತ ಶೇ. 20ರವರೆಗೆ ಜಾಸ್ತಿ. ಗುರಿ ತಪ್ಪಲಿಲ್ಲ, ಕೊಳೆ ಗಡಿ ದಾಟಿತು, ಅಷ್ಟೇ. ಇದು ಹಳೇ ಚಾಳಿ. ಕೆನಡಾದ ಟ್ರೇಲ್ ಎಂಬಲ್ಲಿ ಸೀಸ, ಸತು ಕರಗಿಸುವ ಕುಲುಮೆ ಇತ್ತು. ಹೊಗೆ ಕಣಿವೆ ಹಿಡಿದು ಅಮೆರಿಕದ ಗಡಿ ದಾಟಿ ಅಲ್ಲಿನ ರೈತರ ಬೆಳೆ ಸುಡುತ್ತಿತ್ತು. ಆ ಜಗಳ ಎರಡು ದೇಶಗಳ ನಡುವಿನ ಪಂಚಾಯ್ತಿಗೆ ಹೋಗಿ, ಕೊನೆಯ ತೀರ್ಪು ಬರುವಾಗ 1941.

ಇಷ್ಟು ಓದಿದವರು "ಹಾಗಾದರೆ ಎಲ್ಲ ಕಾರ್ಖಾನೆ ಪಕ್ಕದಲ್ಲೂ ಒಂದೊಂದು ಕಚೇರಿ ತೆರೆದರೆ ಆಯಿತಲ್ಲ" ಅನ್ನಬಹುದು. ನಾನೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದೆ. ಆದರೆ ಹತ್ತಿರ ಅನ್ನುವ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ಮನೆ ಹತ್ತಿರ ಅನ್ನುತ್ತೇವೆ, "ಅವರು ನಮಗೆ ತುಂಬಾ ಹತ್ತಿರ" ಅಂತಲೂ ಅನ್ನುತ್ತೇವೆ. ಮೊದಲನೆಯದು ಹೊಗೆ ಇಳಿಸುತ್ತದೆ. ಎರಡನೆಯದು ಹೊಗೆಗೆ ಸರ್ಟಿಫಿಕೇಟ್ ಕೊಡುತ್ತದೆ. ತೊಂದರೆ ಏನೆಂದರೆ ಮೊದಲನೆಯದು ಬಹಳ ವರ್ಷ ಹಾಗೇ ಇದ್ದರೆ ಮೆಲ್ಲಗೆ ಎರಡನೆಯದಾಗುತ್ತದೆ.

ಗುಜರಾತಿನಲ್ಲಿ ನಡೆದ ಒಂದು ಪ್ರಯೋಗವನ್ನು ನೀವೆಲ್ಲ ಓದಲೇಬೇಕು. ಅಲ್ಲಿ ಮಾಲಿನ್ಯ ಜಾಸ್ತಿ ಮಾಡುವ ಕಾರ್ಖಾನೆಗಳು ಖಾಸಗಿ ಆಡಿಟರ್‌ಗಳಿಂದ ತಪಾಸಣೆ ಮಾಡಿಸಿ ವರದಿ ಕೊಡಬೇಕಿತ್ತು. ಆಡಿಟರ್ ಯಾರು ಅಂತ ಆರಿಸುವುದು ಕಾರ್ಖಾನೆ, ಫೀಸು ಕೊಡುವುದೂ ಕಾರ್ಖಾನೆ. ಫಲ ಏನಾಗಿತ್ತು ಗೊತ್ತಾ? ಚಿಮ್ನಿ ದೂಳಿಗೆ ಮಿತಿ ಘನ ಮೀಟರಿಗೆ 150 ಮಿಲಿಗ್ರಾಂ. ವರದಿಗಳ ತುಂಬ ಅದಕ್ಕಿಂತ ಒಂಚೂರು ಕಡಿಮೆ ಅಂಕಿಗಳೇ, ಮಿತಿಯ ಗೆರೆಗೆ ಒತ್ತಿಕೊಂಡು ಗುಂಪಾಗಿ ಕೂತಿದ್ದವು. 2009ರಿಂದ ಎರಡು ವರ್ಷ, 473 ಕಾರ್ಖಾನೆಗಳನ್ನು ತೆಗೆದುಕೊಂಡು ಸಂಶೋಧಕರೂ ಅಲ್ಲಿನ ಮಾಲಿನ್ಯ ಮಂಡಳಿಯೂ ಸೇರಿ ಅರ್ಧದಷ್ಟು ಕಡೆ ನಿಯಮ ಬದಲಿಸಿದರು. ಆಡಿಟರನ್ನು ಚೀಟಿ ಎತ್ತಿದ ಹಾಗೆ ಹಂಚಿದರು. ಫೀಸು ಒಂದೇ ಮೊತ್ತ, ಅದೂ ಒಂದು ಸಾಮಾನ್ಯ ನಿಧಿಯಿಂದ. ಅವರು ಅಳೆದು ಹೋದ ಮೇಲೆ ಕೆಲವು ಕಡೆ ಇನ್ನೊಬ್ಬರು ಹೋಗಿ ಮರು ಅಳತೆ ಮಾಡುತ್ತಿದ್ದರು. ಸುಳ್ಳೇ ಮಿತಿಯೊಳಗಿದೆ ಅಂತ ಬರೆಯುವುದು ಶೇ. 80ರಷ್ಟು ಇಳಿಯಿತು. ಆಡಿಟರ್‌ಗಳು ನಿಜ ಬರೆಯಲು ಶುರು ಮಾಡಿದ ಮೇಲೆ ಕಾರ್ಖಾನೆಗಳು ಮಾಲಿನ್ಯವನ್ನೂ ಇಳಿಸಿದವು. ಚಿಮ್ನಿಯಿಂದ ಆಡಿಟರ್ ಎಷ್ಟು ಕಿಲೋಮೀಟರ್ ದೂರ ಅನ್ನುವುದು ಬದಲಾಗಲಿಲ್ಲ. ಅವರ ಕಿಸೆಗೂ ಯಜಮಾನರ ಕಿಸೆಗೂ ಇದ್ದ ದೂರ ಬದಲಾಯಿತು.

ಅದೇ ರಾಜ್ಯದಲ್ಲಿ ಅವರು ಇನ್ನೊಂದು ಪ್ರಯೋಗವನ್ನೂ ಮಾಡಿದರು. ಕೆಲವು ಕಾರ್ಖಾನೆಗಳಿಗೆ ಸರ್ಕಾರಿ ತಪಾಸಣೆಯ ಸಂಖ್ಯೆಯನ್ನೇ ಜಾಸ್ತಿ ಮಾಡಿದರು. ಸರಾಸರಿ ಮಾಲಿನ್ಯ ಹೆಚ್ಚೇನೂ ಇಳಿಯಲಿಲ್ಲ. ಯಾಕಂದರೆ ಮೊದಲಿದ್ದ ಕಡಿಮೆ ಭೇಟಿಗಳಲ್ಲೇ ಅಧಿಕಾರಿಗಳು ತಮ್ಮ ಅನುಭವದಿಂದ ನಿಜವಾದ ಕಳ್ಳರನ್ನು ಆರಿಸಿಕೊಂಡು ಹೋಗುತ್ತಿದ್ದರು. ಚೀಟಿ ಎತ್ತಿ ಕಳಿಸಿದ ಹೆಚ್ಚುವರಿ ಭೇಟಿಗಳು ಬಹುತೇಕ ಸಾಧುಗಳ ಮನೆಗೆ ಹೋದವು. ಇದನ್ನು ನಿಮ್ಮ ಪರವಾಗಿಯೇ ಹೇಳುತ್ತಿದ್ದೇನೆ. ನಿಮ್ಮಲ್ಲಿ ಮೂಗು ಚುರುಕಾಗಿರುವವರಿದ್ದಾರೆ. ಆ ಮೂಗನ್ನು ಕುರ್ಚಿಗೆ ಕಟ್ಟಿಹಾಕಿ, ತಿಂಗಳಿಗೆ ಇಷ್ಟು ಭೇಟಿ ಅಂತ ಟಾರ್ಗೆಟ್ ಕೊಟ್ಟರೆ ಆಗುವುದು ಇದೇ, ಹತ್ತಿರದ ಹತ್ತು ಸಾಧುಗಳ ಮನೆಗೆ ಹೋಗಿ ಲೆಕ್ಕ ಮುಗಿಸುವುದು.

ಸ್ನೇಹದ ಕಥೆಯೂ ಹೊಸದಲ್ಲ. ಬ್ರಿಟನ್ನಿನಲ್ಲಿ 1863ರಲ್ಲಿ ಆಲ್ಕಲಿ ಕಾಯ್ದೆ ಬಂತು. ಸೋಡಾ ಮಾಡುವ ಕಾರ್ಖಾನೆಗಳು ಬಿಡುತ್ತಿದ್ದ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಸುತ್ತಲಿನ ಗಿಡಮರಗಳನ್ನೆಲ್ಲ ಸುಡುತ್ತಿತ್ತು. ಆ ಹೊಗೆಯ ಶೇ. 95 ಭಾಗವನ್ನು ಹಿಡಿಯಲೇಬೇಕು ಅಂತ ಕಾಯ್ದೆ ಹೇಳಿತು. ಇನ್‌ಸ್ಪೆಕ್ಟರ್‌ಗಳನ್ನು ನೇಮಿಸಿದ್ದು ಊರಿನ ಆಡಳಿತ ಅಲ್ಲ, ಕೇಂದ್ರದ ಬೋರ್ಡ್ ಆಫ್ ಟ್ರೇಡ್. ಮೊದಲ ಇನ್‌ಸ್ಪೆಕ್ಟರ್ ರಾಬರ್ಟ್ ಆಂಗಸ್ ಸ್ಮಿತ್, ಆಮ್ಲ ಮಳೆ ಅನ್ನುವ ಹೆಸರು ಕೊಟ್ಟವರೂ ಅವರೇ. ಕೋರ್ಟಿಗೆ ಎಳೆಯುವುದಕ್ಕಿಂತ ಯಜಮಾನರ ಜೊತೆ ಕೂತು ಹೇಳಿಕೊಡುವುದು ಮೇಲು ಅನ್ನುವುದು ಅವರ ದಾರಿ. ಹೊಗೆ ನಿಜಕ್ಕೂ ಇಳಿಯಿತು. ಆದರೆ ಹಿಡಿದ ಆಮ್ಲವನ್ನು ಎಷ್ಟೋ ಕಡೆ ನೀರಿಗೆ ಬೆರೆಸಿ ಹೊಳೆಗೆ ಬಿಟ್ಟರು, ಕಾಯ್ದೆ ಹೊಗೆಗೆ ಮಾತ್ರ ಇತ್ತಲ್ಲ! ಸ್ಮಿತ್ ಪೂರ್ತಿ ತಪ್ಪು ಅಂತ ನಾನು ಹೇಳಲಾರೆ. ಹೇಳಿಕೊಡುವವರು ಬೇಕು. ನಮಗೂ ಒಬ್ಬರಾದರೂ ಬಂದು ಬ್ಲೋವರ್‌ಗೆ ಟೈಮರ್ ಬದಲು ಆಮ್ಲಜನಕ ನೋಡಿಕೊಂಡು ವೇಗ ಬದಲಿಸುವ ವ್ಯವಸ್ಥೆ ಹಾಕಿದರೆ ಕರೆಂಟೂ ಉಳಿಯುತ್ತದೆ ಅಂತ ಹೇಳಿದ್ದರೆ ಯಜಮಾನರು ಕೇಳುತ್ತಿದ್ದರೇನೋ. ಹೇಳಿಕೊಡಲು ಬಂದವರು ಟೀ ಕುಡಿಯಲು ಬರುವವರಾದಾಗ ಕಷ್ಟ.

ಜಪಾನಿನಲ್ಲಿ ಇದಕ್ಕೆ ಒಂದು ಚಂದದ ಪದವಿದೆ, ಅಮಾಕುದಾರಿ. ಸ್ವರ್ಗದಿಂದ ಇಳಿದು ಬರುವುದು ಅಂತ ಅರ್ಥ. ಸರ್ಕಾರಿ ಅಧಿಕಾರಿ ನಿವೃತ್ತಿಯಾದ ಮೇಲೆ ತಾನು ನಿಯಂತ್ರಿಸುತ್ತಿದ್ದ ಉದ್ಯಮದಲ್ಲೇ ಕುರ್ಚಿ ಹಿಡಿಯುವುದಕ್ಕೆ ಹಾಗೆ ಅನ್ನುತ್ತಾರೆ. ಇಂಥ ಅಧಿಕಾರಿ ನಿವೃತ್ತಿಗೆ ಎರಡು ವರ್ಷ ಇರುವಾಗ ಯಾರ ಮೇಲೆ ಎಷ್ಟು ಗಟ್ಟಿ ನೋಟಿಸ್ ಬರೆದಾರು ಅನ್ನುವುದನ್ನು ನಿಮ್ಮ ಊಹೆಗೆ ಬಿಡುತ್ತೇನೆ. ಅದೇ ದೇಶದ ಮಿನಮಾಟದಲ್ಲಿ ಏನಾಯಿತು ನೋಡಿ. ಕೊಲ್ಲಿಗೆ ಪಾದರಸ ಬಿಡುತ್ತಿದ್ದ ಕಾರ್ಖಾನೆ ಅದು. ಆ ಮೀನು ತಿಂದವರಿಗೆ ಕೈಕಾಲು ಸ್ವಾಧೀನ ತಪ್ಪುವ ರೋಗ ಬಂದದ್ದು ಅಧಿಕೃತವಾಗಿ ಗೊತ್ತಾದದ್ದು 1956ರಲ್ಲಿ. 1959ರ ಡಿಸೆಂಬರ್‌ನಲ್ಲಿ ಕಾರ್ಖಾನೆ ಒಂದು ಶುದ್ಧೀಕರಣ ಯಂತ್ರ ಕೂರಿಸಿತು. ಉದ್ಘಾಟನೆಯಲ್ಲಿ ಕಂಪನಿಯ ಅಧ್ಯಕ್ಷರು ಎಲ್ಲರೆದುರು ಒಂದು ಲೋಟ ನೀರು ಕುಡಿದು ತೋರಿಸಿದರು. ಆ ಯಂತ್ರ ಪಾದರಸ ತೆಗೆಯಲು ಮಾಡಿದ್ದೇ ಅಲ್ಲ. ಪಾದರಸ ಹೋಗುವುದು ನಿಂತದ್ದು 1968ರಲ್ಲಿ, ಸರ್ಕಾರ ಕಾರಣ ಒಪ್ಪಿಕೊಂಡದ್ದೂ ಆ ವರ್ಷವೇ. ಆ ಲೋಟ ನೆನೆದಾಗೆಲ್ಲ ನನಗೆ ನಮ್ಮ ಬೋರ್‌ವೆಲ್ ಪೈಪ್ ನೆನಪಾಗುತ್ತದೆ.

ಈಗ ನೀವು ಹೇಳುವುದು ಗೊತ್ತು. "ಕಾಲ ಬದಲಾಗಿದೆ, ಈಗ ಎಲ್ಲ ಆನ್‌ಲೈನ್, ಚಿಮ್ನಿಗೆ ಸೆನ್ಸರ್ ಹಾಕಿದ್ದೇವೆ, ಅಂಕಿ ನಮ್ಮ ಕಂಪ್ಯೂಟರಿಗೇ ಬರುತ್ತದೆ, ದೂರ ಅನ್ನುವುದೇ ಇಲ್ಲ." ಸೆನ್ಸರ್ ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ನೀವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ. ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳ ವಿಷಯ 2015ರಲ್ಲಿ ಹೊರಬಿತ್ತಲ್ಲ. ಸ್ಟೀರಿಂಗ್ ಹೇಗೆ ತಿರುಗುತ್ತಿದೆ, ವೇಗ ಎಷ್ಟು, ಎಷ್ಟು ಹೊತ್ತಿನಿಂದ ಓಡುತ್ತಿದೆ ಅಂತ ನೋಡಿ, ಇದು ಪರೀಕ್ಷೆ ಅಂತ ಕಾರಿನ ಸಾಫ್ಟ್‌ವೇರೇ ಗುರುತು ಹಿಡಿಯುತ್ತಿತ್ತು. ಪರೀಕ್ಷೆಯಲ್ಲಿ ಸಭ್ಯ. ರಸ್ತೆಯಲ್ಲಿ ನೈಟ್ರೋಜನ್ ಆಕ್ಸೈಡ್ ಮಿತಿಯ 40 ಪಟ್ಟಿನವರೆಗೆ. ಸುಮಾರು 1.1 ಕೋಟಿ ಕಾರುಗಳು. ನಮ್ಮ ಸೂಪರ್‌ವೈಸರ್ ಜೀಪಿನ ಸುದ್ದಿ ಕೇಳಿ ಮಾಡುತ್ತಿದ್ದ ಕೆಲಸವನ್ನೇ ಅಲ್ಲಿ ಸಾಫ್ಟ್‌ವೇರ್ ಮಾಡುತ್ತಿತ್ತು.

ಇನ್ನು ಅಳೆಯುವವರೇ ಸೆನ್ಸರ್ ಮುಚ್ಚಿದರೆ? ಚೀನಾದ ಷಿಯಾನ್‌ನಲ್ಲಿ 2016ರಲ್ಲಿ ಪರಿಸರ ಇಲಾಖೆಯವರೇ ಗಾಳಿ ಅಳೆಯುವ ಕೇಂದ್ರದ ಬೀಗದ ಕೈ ನಕಲು ಮಾಡಿಸಿ, ಯಂತ್ರ ಗಾಳಿ ಎಳೆಯುವ ಬಾಯಿಗೆ ಹತ್ತಿ ತುರುಕಿದ್ದರು. ಲಿನ್‌ಫೆನ್‌ನಲ್ಲೂ ಅಂಥದ್ದೇ ಕೆಲಸ ನಡೆದು 2018ರಲ್ಲಿ 16 ಜನರಿಗೆ ಶಿಕ್ಷೆಯಾಯಿತು, ಅದರಲ್ಲಿ ಊರಿನ ಪರಿಸರ ಇಲಾಖೆಯ ಮಾಜಿ ಮುಖ್ಯಸ್ಥರೂ ಇದ್ದರು. ಯಂತ್ರಕ್ಕೆ ಅತಿ ಹತ್ತಿರ ಇದ್ದವರು ಅವರೇ ತಾನೇ. ಬೇಲಿಯೇ ಎದ್ದು ಹೊಲ ಮೇಯ್ದದ್ದು ಯಾಕೆ ಅಂದರೆ, ಯಂತ್ರದ ಅಂಕಿ ಕೆಟ್ಟರೆ ಬೈಸಿಕೊಳ್ಳುವವರೂ ಅವರೇ ಆಗಿದ್ದರು. ಆ ದೇಶ 2016ರಿಂದ ಕೌಂಟಿ ಮಟ್ಟದ ಪರಿಸರ ಕಚೇರಿಗಳನ್ನು ಊರಿನ ಆಡಳಿತದ ಹಿಡಿತದಿಂದ ಬಿಡಿಸಿ ಮೇಲಿನವರ ಕೈಗೆ ಕೊಡಲು ಶುರು ಮಾಡಿತು. ಬ್ರಿಟನ್ 1863ರಲ್ಲಿ ಮಾಡಿದ್ದು ಹೆಚ್ಚೂಕಮ್ಮಿ ಅದನ್ನೇ.

ಹಾಗಾಗಿ ನನ್ನ ಬೇಡಿಕೆ ಕಚೇರಿ ಹತ್ತಿರ ತನ್ನಿ ಅನ್ನುವುದಷ್ಟೇ ಅಲ್ಲ. ನಿಮ್ಮ ಕಾಲು ಕಾರ್ಖಾನೆಗೆ ಹತ್ತಿರ ಬರಲಿ, ಸಂಬಳ, ಬಡ್ತಿ, ನಿವೃತ್ತಿಯ ಕುರ್ಚಿ ದೂರ ಇರಲಿ. ನೀವು ಯಾವ ಕಾರ್ಖಾನೆಗೆ ಕೊನೆಯ ಸಲ ಯಾವ ದಿನ, ಎಷ್ಟು ಗಂಟೆಗೆ ಹೋಗಿದ್ದಿರಿ ಅನ್ನುವುದನ್ನು ಗೇಟಿನ ಹೊರಗೆ ಬೋರ್ಡಿನಲ್ಲಿ ಬರೆಸಿ. ಗಂಟೆ ಬರೆಯುವುದು ಮುಖ್ಯ. ನಮ್ಮ ಗೇಟಿಗೆ ನೀವು ಬಂದಿದ್ದೆಲ್ಲ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರೊಳಗೆ. ಕೊಳೆ ನೀರಿಗೆ ಆಫೀಸ್ ಟೈಮ್ ಇಲ್ಲ. ದೂರದ ಕಾರ್ಖಾನೆಯ ಪಟ್ಟಿ ಮಾಡಿ, ತಿಂಗಳ ಮೊದಲ ಪ್ರವಾಸ ಅಲ್ಲಿಗೇ ಇಟ್ಟುಕೊಳ್ಳಿ, ಉಳಿದ ದಿನ ಉಳಿದರೆ ಹತ್ತಿರದವು. ವರ್ಗಾವಣೆ ಬೇಕು, ಆದರೆ ಎಲ್ಲರನ್ನೂ ಒಟ್ಟಿಗೆ ಎತ್ತಿಬಿಟ್ಟರೆ ಆ ಮೂಗಿನ ಜ್ಞಾನವೂ ಲಾರಿ ಹತ್ತಿ ಹೋಗುತ್ತದೆ, ಸ್ವಲ್ಪ ನೋಡಿಕೊಂಡು ಮಾಡಿ.

ಬಂದಾಗ ಬಾಟಲಿ ಹಿಡಿದು ನೀರು ಹೊರಬೀಳುವ ಔಟ್‌ಲೆಟ್‌ಗೆ ಓಡಬೇಡಿ. ಇದನ್ನು ಒಳಗಿದ್ದವನಾಗಿ ಹೇಳುತ್ತಿದ್ದೇನೆ. ಮೊದಲು ಬ್ಲೋವರ್‌ಗೆ ಬೇರೆ ಕರೆಂಟ್ ಮೀಟರ್ ಇದೆಯೇ ನೋಡಿ, ಯೂನಿಟ್‌ಗಳನ್ನು ಗಂಟೆಗಳಿಂದ ಭಾಗಿಸಿ, ಲಾಗ್ ಬುಕ್ ಸುಳ್ಳು ಹೇಳಿದರೂ ಮೀಟರ್ ಸುಮ್ಮನಿರುವುದಿಲ್ಲ. ಒಣ ಕೆಸರು ಎಲ್ಲಿ ಅಂತ ಕೇಳಿ. ನೀರಿನ ಕೊಳೆ ತೆಗೆದಿದ್ದೇ ನಿಜವಾದರೆ ಕೆಸರು ಎಲ್ಲಾದರೂ ಗುಡ್ಡೆ ಬಿದ್ದಿರಬೇಕು. ಕೆಸರೇ ಇಲ್ಲ ಅಂದರೆ ಶುದ್ಧೀಕರಣವೂ ಇಲ್ಲ. ಆಮೇಲೆ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಉಪ್ಪಿನಂಶ ನೋಡಿ. ಸೂಕ್ಷ್ಮಜೀವಿಗಳು ಕೊಳೆ ತಿನ್ನುತ್ತವೆ, ಉಪ್ಪು ತಿನ್ನುವುದಿಲ್ಲ. ಒಳಗೆ ಬರುವ ನೀರಿನ ಟಿಡಿಎಸ್ ಜಾಸ್ತಿ ಇದ್ದು, ಹೊರಗೆ ಹೋಗುವ ನೀರಿನದು ಅರ್ಧಕ್ಕೆ ಇಳಿದಿದ್ದರೆ, ಉಪ್ಪು ತೆಗೆಯುವ ಬೇರೆ ಯಂತ್ರವೂ ಅಲ್ಲಿ ಇಲ್ಲದಿದ್ದರೆ, ಎಲ್ಲೋ ಒಂದು ಪೈಪ್ ಇದೆ ಅಂತ ಅರ್ಥ, ಹುಡುಕಿ. ಕೈಯಲ್ಲಿ ಹಿಡಿಯುವ ಸಣ್ಣ ಮೀಟರಿನಲ್ಲಿ ಒಂದು ನಿಮಿಷದ ಕೆಲಸ ಅದು, ಮಂಜುಗಡ್ಡೆಯೂ ಬೇಡ, ಪ್ರಯೋಗಾಲಯವೂ ಬೇಡ. ಏರೇಷನ್ ಟ್ಯಾಂಕಿನಿಂದ ಒಂದು ಲೀಟರ್ ಗಾಜಿನ ಜಾಡಿಯಲ್ಲಿ ನೀರು ತೆಗೆದು ಅರ್ಧ ಗಂಟೆ ಇಟ್ಟುಬಿಡಿ. ಕೆಸರು ಕೂರುವ ರೀತಿ ನೋಡಿದರೆ ನಿನ್ನೆ ರಾತ್ರಿ ಏನು ನಡೆಯಿತು ಅನ್ನುವುದು ಬಹಳ ಮಟ್ಟಿಗೆ ಗೊತ್ತಾಗುತ್ತದೆ. ಆ ಅರ್ಧ ಗಂಟೆ ಆಪರೇಟರ್ ಜೊತೆ ಮಾತಾಡಿ. ಮ್ಯಾನೇಜರ್ ಪಕ್ಕದಲ್ಲಿ ಇಲ್ಲದ ಹಾಗೆ. ನನ್ನ ಜೊತೆ ನಿಮ್ಮಲ್ಲಿ ಯಾರೂ ಒಂದು ದಿನವೂ ಮಾತಾಡಲಿಲ್ಲ.

ಕೊನೆಗೆ ಒಂದು ಮಾತು, ನಿಮಗಿಂತ ಹತ್ತಿರ ಇರುವವರ ಬಗ್ಗೆ. 1984ರ ಡಿಸೆಂಬರ್‌ನಲ್ಲಿ ಭೋಪಾಲದಲ್ಲಿ ವಿಷಾನಿಲ ಸೋರಿದಾಗ ಗೋಡೆಯಾಚೆ ಮಲಗಿದ್ದವರಿಗೆ ಒಳಗೆ ಏನಿದೆ ಅನ್ನುವುದೇ ಗೊತ್ತಿರಲಿಲ್ಲ. ಅದಾದ ಎರಡು ವರ್ಷಕ್ಕೆ, 1986ರಲ್ಲಿ, ಅಮೆರಿಕದಲ್ಲಿ ಒಂದು ಕಾಯ್ದೆ ಬಂತು, ಕಾರ್ಖಾನೆ ಯಾವ ವಿಷ ಎಷ್ಟು ಬಿಡುತ್ತದೆ ಅಂತ ವರ್ಷ ವರ್ಷ ಬಹಿರಂಗವಾಗಿ ಹೇಳಬೇಕು ಅಂತ. ಅಂಕಿ ಕೊಡುವುದು ಕಾರ್ಖಾನೆಯೇ, ಆ ದೋಷ ಇದ್ದೇ ಇದೆ. 2015ರಲ್ಲಿ ಅಲ್ಲಿನ ತೈಲ ಸಂಸ್ಕರಣಾಗಾರಗಳಿಗೆ ಇನ್ನೊಂದು ನಿಯಮ ಬಂತು. ಬೇಲಿಯ ಸುತ್ತ ಸಣ್ಣ ಸಣ್ಣ ಕೊಳವೆ ನೇತುಹಾಕಿ ಎರಡು ವಾರಕ್ಕೊಮ್ಮೆ ಬೆಂಜೀನ್ ಎಂಬ ವಿಷದ ಆವಿ ಅಳೆಯಬೇಕು. ವರ್ಷದ ಸರಾಸರಿ ಘನ ಮೀಟರಿಗೆ 9 ಮೈಕ್ರೋಗ್ರಾಂ ದಾಟಿದರೆ ಮೂಲ ಹುಡುಕಿ ಸರಿಮಾಡಬೇಕು, ಅಂಕಿ ಜನರಿಗೂ ಸಿಗಬೇಕು. ನನಗೆ ಇಷ್ಟವಾದದ್ದು ಆ ಜಾಗ. ಚಿಮ್ನಿಯ ತುದಿಯಲ್ಲೂ ಅಲ್ಲ, ನಿಮ್ಮ ಕಚೇರಿಯಲ್ಲೂ ಅಲ್ಲ, ಬೇಲಿಯಲ್ಲಿ. ಅಲ್ಲಿ ಯಾರು ಉಸಿರಾಡುತ್ತಾರೋ ಅವರ ಮೂಗಿನ ಎತ್ತರದಲ್ಲಿ. ಇಂಥ ಕೊಳವೆ ಉಳಿದ ಕಾರ್ಖಾನೆಗಳ ಬೇಲಿಗೂ ಬರಲಿ. ಊರವರು ಫೋನ್ ಮಾಡಿದಾಗ ಎತ್ತಿದವರ ಹೆಸರು, ಗಂಟೆ, ಏನು ಮಾಡಿದಿರಿ ಅನ್ನುವುದೂ ಆ ಗೇಟಿನ ಬೋರ್ಡಿನಲ್ಲೇ ಬರಲಿ.

ಈ ಪತ್ರಕ್ಕೆ ಉತ್ತರ ಬರೆಯುವ ಅಗತ್ಯವಿಲ್ಲ. ಹೊರಟು ಬನ್ನಿ, ಡ್ರೈವರ್‌ಗೆ ಎಲ್ಲಿಗೆ ಅಂತ ಗಾಡಿ ಹತ್ತಿದ ಮೇಲೆ ಹೇಳಿ.

ಇಂತಿ,
ಒಬ್ಬ ಹಳೇ ಇಟಿಪಿ ಆಪರೇಟರ್

ಮರೆತಿದ್ದೆ: ನಮ್ಮ ಚಿಮ್ನಿಯ ಏಣಿಯ ಮೇಲಿನಿಂದ ಮೂರನೇ ಮೆಟ್ಟಿಲು ತುಕ್ಕು ಹಿಡಿದು ಅಲ್ಲಾಡುತ್ತದೆ, ಜೋಪಾನ. ನಾನಿದ್ದಷ್ಟು ವರ್ಷವೂ ಅದು ಹಾಗೇ ಇತ್ತು. ನಿಮ್ಮ ವರದಿಗಳ ಪ್ರಕಾರ ಆ ಏಣಿ ಹತ್ತಿ ಎಂಟು ಸಲ ಅಳತೆ ತೆಗೆದಿದ್ದೀರಿ. ಅದರ ಬಗ್ಗೆ ಒಬ್ಬರೂ ಒಂದು ಸಾಲು ಬರೆದಿಲ್ಲ.